ವೆಡ್ಡಿಂಗ್ ಎಕ್ಸ್‌ಪೋಗೆ ಹೋಗಬೇಕಾ? ಹೋಗಿ, ಆದರೆ ಅಲ್ಲೇ ಅಡ್ವಾನ್ಸ್ ಕೊಡಬೇಡಿ

ಮದುವೆ ಗೊತ್ತಾದ ಮೇಲೆ ನನ್ನ ಇನ್‌ಸ್ಟಾಗ್ರಾಂ ತುಂಬಾ ಬರೀ ಎಕ್ಸ್‌ಪೋ ಜಾಹೀರಾತು, ಅಡುಗೆಯವರಿಂದ ಒಡವೆಯವರವರೆಗೆ ಎಲ್ಲರೂ ಒಂದೇ ಕಡೆ ಸ್ಟಾಲ್ ಹಾಕುವ ಮೇಳ. ಅರಮನೆ ಮೈದಾನದಲ್ಲಿ ಒಂದು, ಯಾವುದೋ ಹೋಟೆಲ್ ಹಾಲ್‌ನಲ್ಲಿ ಇನ್ನೊಂದು. ಅಮ್ಮ, ಅತ್ತಿಗೆ ಜೊತೆ ಬೆಂಗಳೂರಿನಲ್ಲಿ ಒಂದಷ್ಟು ಸುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲ, ಒಳಗೆ ಹೆಚ್ಚುಕಡಿಮೆ ಅವೇ ಸ್ಟಾಲ್‌ಗಳು, ಅದೇ ಮಾತು.

ಛತ್ರ ಬುಕ್ ಆಗಿಲ್ಲ ಅಂದರೆ ಹೋಗಲೇಬೇಡಿ. ಪ್ರತಿ ಸ್ಟಾಲ್‌ನಲ್ಲೂ ಮೊದಲ ಪ್ರಶ್ನೆ "ಡೇಟ್ ಯಾವಾಗ ಮೇಡಂ, ಛತ್ರ ಯಾವುದು?" ಅದಕ್ಕೆ ಉತ್ತರ ಇಲ್ಲದಿದ್ದರೆ ರೇಟು ಹೇಳುವುದಿಲ್ಲ, ಹೇಳಿದರೂ ಅದು ಸುಮ್ನೆ ಬಾಯಿಗೆ ಬಂದದ್ದು. ಆಷಾಢದಲ್ಲಿ ನಡೆಯುವ ಎಕ್ಸ್‌ಪೋ ಸಿಕ್ಕರೆ ಒಳ್ಳೆಯದು. ಆಗ ಮದುವೆಗಳಿರುವುದಿಲ್ಲ ಅಲ್ವಾ, ಫೋಟೋದವರು, ಅಡುಗೆಯವರು ಎಲ್ಲ ಬಿಡುವಾಗಿರುತ್ತಾರೆ, ಕೂತು ಮಾತಾಡುತ್ತಾರೆ.

ಜನ ಜಾಸ್ತಿ ನಿಲ್ಲುವುದು ಕೇಟರಿಂಗ್ ಸ್ಟಾಲ್ ಮುಂದೆ, ಯಾಕೆ ಅಂತ ಹೇಳಬೇಕಾಗಿಲ್ಲ. ಚಿರೋಟಿ ಮೇಲೆ ಬಾದಾಮಿ ಹಾಲು ಸುರಿದು ಕೊಟ್ಟರು, ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ತಿಂದ ಒಂದು ಚಿರೋಟಿಯಿಂದ 800 ಎಲೆಯ ಊಟ ಹೇಗಿರುತ್ತದೆ ಅಂತ ಗೊತ್ತಾಗುವುದಿಲ್ಲ. ಮೂರನೇ ಪಂಕ್ತಿಗೆ ಸಾರು ಬಿಸಿ ಇರುತ್ತಾ, ಹೋಳಿಗೆ ಹಾಕಿದ ಹುಡುಗನ ಹಿಂದೆಯೇ ತುಪ್ಪದವನು ಬರುತ್ತಾನಾ, ನೋಡಬೇಕಾದ್ದು ಅದು. ಅಮ್ಮ ನೇರವಾಗಿ ಕೇಳಿದರು, "ಮುಂದಿನ ವಾರ ನಿಮ್ಮ ಅಡುಗೆ ಎಲ್ಲಿದೆ, ಬಂದು ನೋಡಬಹುದಾ?" ಒಬ್ಬರು ಛತ್ರದ ವಿಳಾಸ ಕೊಟ್ಟು ಆ ಮದುವೆ ಮನೆಯವರಿಗೆ ಹೇಳಿರುತ್ತೇನೆ ಅಂದರು. ಇನ್ನೊಬ್ಬರು ಇನ್ನೊಂದು ಚಿರೋಟಿ ಕೊಟ್ಟರು. ನಮ್ಮ ಮದುವೆ ಅಡುಗೆ ಯಾರಿಗೆ ಹೋಯಿತು ಅಂತ ನಿಮಗೇ ಗೊತ್ತಾಗಿರಬೇಕು. ರೇಟು ಎಲೆ ಲೆಕ್ಕದಲ್ಲಿ ಹೇಳುತ್ತಾರೆ, ಅದು ಯಾವ ಊಟದ ಎಲೆ ಅಂತ ಕೇಳಿ: ವರಪೂಜೆ ರಾತ್ರಿಯದ್ದೋ, ಬೆಳಗಿನ ತಿಂಡಿಯದ್ದೋ, ಮುಹೂರ್ತದ ಊಟದ್ದೋ. ಕನಿಷ್ಠ ಎಷ್ಟು ಎಲೆಗೆ ದುಡ್ಡು ಕಟ್ಟಲೇಬೇಕು, ಜನ ಜಾಸ್ತಿಯಾದರೆ ಮೇಲಿನ ಎಲೆಗೆ ಎಷ್ಟು, ಗ್ಯಾಸ್, ನೀರಿನ ಬಾಟಲಿ, ಬಡಿಸುವವರು ಎಲ್ಲ ಅದರಲ್ಲೇ ಸೇರಿದೆಯಾ ಅಂತಲೂ ಕೇಳಿ. ಕಡಿಮೆ ರೇಟು ಹೇಳಿದವರದ್ದೇ ಇದೆಲ್ಲ ಕೂಡಿಸಿದಾಗ ಮೇಲೆ ಹೋಗಿತ್ತು.

ಫೋಟೋ ಸ್ಟಾಲ್‌ಗಳಲ್ಲಿ ಆಲ್ಬಂ ನೋಡಿ ಮರುಳಾಗಬೇಡಿ. ಹತ್ತಾರು ಮದುವೆಗಳಿಂದ ಆರಿಸಿದ ಫೋಟೋ ಅವು. ಒಂದೇ ಮದುವೆಯ ಪೂರ್ತಿ ಫೋಟೋ ತೋರಿಸಿ ಅನ್ನಿ. ಧಾರೆ ಹೊತ್ತಿನಲ್ಲಿ ಹೋಮದ ಹೊಗೆ, ಸುತ್ತ ನೆಂಟರ ತಲೆ, ಛತ್ರದ ಟ್ಯೂಬ್‌ಲೈಟ್, ಇವುಗಳ ನಡುವೆ ಏನು ತೆಗೆದಿದ್ದಾರೆ ಅನ್ನುವುದೇ ಅಸಲಿ ಪರೀಕ್ಷೆ. ಸ್ಟಾಲ್‌ನಲ್ಲಿ ಮಾತಾಡಿದವರೇ ಮದುವೆಗೆ ಬರುತ್ತಾರಾ, ಬೇರೆ ಯಾರನ್ನೋ ಕಳಿಸುತ್ತಾರಾ, ಅದನ್ನೂ ಕೇಳಿ. ಮೇಕಪ್‌ನವರ ಹತ್ತಿರ ನನ್ನದು ಒಂದೇ ಪ್ರಶ್ನೆ: ಬೆಳಗಿನ ಜಾವ 4 ಗಂಟೆಗೆ ಛತ್ರಕ್ಕೆ ಬರುತ್ತೀರಾ? ಅರ್ಧಕ್ಕರ್ಧ ಜನ ಅಲ್ಲೇ ಜಾರಿಕೊಂಡರು.

ಈಗ ಒಡವೆ, ಸೀರೆ. ಇವೆರಡಕ್ಕಾಗಿ ಎಕ್ಸ್‌ಪೋ ಬೇಡ, ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ಚಿನ್ನಕ್ಕೆ 2021ರ ಜೂನ್‌ನಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, 2023ರ ಏಪ್ರಿಲ್‌ನಿಂದ ಪ್ರತಿ ಒಡವೆಗೂ ಬೇರೆಬೇರೆ ಇರುವ 6 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ, ಬೇಕೇ ಬೇಕು. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಬಹುದು. ಆದರೆ ಕುಂದನ್, ಪೋಲ್ಕಿ, ಜಡಾವು ಅನ್ನುವ ಕಲ್ಲು ಕೂರಿಸಿದ ಒಡವೆಗಳಿಗೆ ಈ ಕಡ್ಡಾಯ ಇಲ್ಲ. ಎಕ್ಸ್‌ಪೋದಲ್ಲಿ ಮದುಮಗಳ ಕೊರಳಿಗೆ ಹಿಡಿದು ಕನ್ನಡಿ ತೋರಿಸುವುದು ಬಹುಪಾಲು ಅವನ್ನೇ! ಕಲ್ಲಿನ ತೂಕ ಕಳೆದು ಚಿನ್ನದ ತೂಕ ಎಷ್ಟು ಅಂತ ಅತ್ತಿಗೆ ಕೇಳಿದರೆ ಸ್ಟಾಲ್‌ನ ಹುಡುಗಿ ಕಾಫಿ ತರಿಸಲಾ ಅಂದಳು. ಮೇಕಿಂಗ್ ಚಾರ್ಜ್ ಇಲ್ಲ ಅಂತ ಬೋರ್ಡ್ ಇದ್ದರೆ ವೇಸ್ಟೇಜ್ ಎಷ್ಟು ಪರ್ಸೆಂಟ್ ಅಂತ ಕೇಳಿ.

ಧಾರೆ ಸೀರೆಗೆ ಚಿಕ್ಕಪೇಟೆ ಇದೆ, ಮಲ್ಲೇಶ್ವರ ಇದೆ, ಮೈಸೂರು ಸಿಲ್ಕ್ ಬೇಕಿದ್ದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯ ಮಳಿಗೆ ಇದೆ. ಸ್ಟಾಲ್‌ನಲ್ಲಿ "ಮೈಸೂರು ಸಿಲ್ಕ್" ಅಂತ ತೋರಿಸುವ ಕ್ರೇಪ್ ಎಲ್ಲ ಕೆಎಸ್‌ಐಸಿಯದ್ದಲ್ಲ. ಅಪ್ಪಟ ರೇಷ್ಮೆ ಅಂತ ಹೇಳುವ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಅದಕ್ಕಿಂತ ದೊಡ್ಡ ತೊಂದರೆ ಬೆಳಕು. ಆ ಹಳದಿ ಸ್ಪಾಟ್‌ಲೈಟ್ ಕೆಳಗೆ ರೇಷ್ಮೆಯ ಬಣ್ಣ ಗೊತ್ತಾಗುವುದೇ ಇಲ್ಲ, ಅಮ್ಮ ಒಂದು ಸೀರೆಯನ್ನು ಬಾಗಿಲ ಹತ್ತಿರ ಒಯ್ದು ನೋಡುತ್ತೇನೆ ಅಂದದ್ದಕ್ಕೆ ಬಿಡಲಿಲ್ಲ. ಬ್ಲೌಸ್ ವಿಷಯ ಮಾತ್ರ ಬೇರೆ. ಆರಿ ವರ್ಕ್, ಅಂದರೆ ಕೊಕ್ಕೆ ಸೂಜಿಯ ಕಸೂತಿ, ಮಾಡುವವರನ್ನು ಒಟ್ಟಿಗೆ ನೋಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಬ್ಲೌಸ್ ಒಳಮಗ್ಗುಲು ತಿರುಗಿಸಿ ನೋಡಿ, ದಾರ ಜೋತಾಡುತ್ತಿದ್ದರೆ, ಲೈನಿಂಗ್ ಚುಚ್ಚುತ್ತಿದ್ದರೆ ಅಲ್ಲಿಗೇ ಬಿಡಿ. ನನ್ನ ಬ್ಲೌಸ್‌ನವರು ಸಿಕ್ಕಿದ್ದು ಹೀಗೇ, ಮೂಲೆಯ ಒಂದು ಚಿಕ್ಕ ಸ್ಟಾಲ್‌ನಲ್ಲಿ.

"ಇವತ್ತೇ ಬುಕ್ ಮಾಡಿದರೆ 20 ಪರ್ಸೆಂಟ್ ಕಡಿಮೆ" ಅನ್ನುವುದು ಎಲ್ಲ ಕಡೆ ಕೇಳುತ್ತೀರಿ. ಡೆಕೋರೇಷನ್‌ನವರೊಬ್ಬರಿಗೆ ಕೆಲವು ದಿನ ಬಿಟ್ಟು ಫೋನ್ ಮಾಡಿದೆ, ಅದೇ ರೇಟಿಗೆ ಒಪ್ಪಿದರು, ಬಾಳೆಕಂಬವೂ ಸೇರಿಸಿ. ಅಲ್ಲೇ ಕೊಡಲೇಬೇಕು ಅನಿಸಿದರೆ ಜಿಎಸ್‌ಟಿ ಇರುವ ರಸೀದಿ ತಗೊಳ್ಳಿ, ಅಡ್ವಾನ್ಸ್ ವಾಪಸ್ ಬರುತ್ತದೋ ಇಲ್ಲವೋ ಅದರಲ್ಲೇ ಬರೆಸಿ. ಮುಂದೆ ಜಗಳ ಆಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ಪರಿಸ್ಥಿತಿ ಬಂದರೆ ಕೈಯಲ್ಲಿ ಕಾಗದ ಇರಬೇಕು, ವಿಸಿಟಿಂಗ್ ಕಾರ್ಡ್ ಸಾಲದು.

ಇನ್ನು ಬಾಗಿಲಲ್ಲೇ ಲಕ್ಕಿ ಡ್ರಾ ಫಾರಂ ಕೊಡುತ್ತಾರೆ, ಹೆಸರು, ನಂಬರ್, ಮದುವೆ ದಿನಾಂಕ, ಬಜೆಟ್ ಎಲ್ಲ ಬರೆಯಬೇಕು. ಬರೆಯಬೇಡಿ. ನಮ್ಮ ಅತ್ತಿಗೆ ಜಾಣೆ, ಅಣ್ಣನ ನಂಬರ್ ಬರೆದರು. ಮದುವೆಯಾಗಿ ಮಗು ಸ್ಕೂಲಿಗೆ ಹೋಗುತ್ತಿರುವ ಅವನಿಗೆ ಈಗಲೂ ಬ್ರೈಡಲ್ ಮೆಹಂದಿ ಪ್ಯಾಕೇಜ್ ಬೇಕಾ ಅಂತ ಆಫೀಸ್ ಹೊತ್ತಿನಲ್ಲಿ ಫೋನ್ ಬರುತ್ತಿದೆ.