ಟಾಂಗಾದ ಯುದ್ಧಭೂಮಿ ಟೂರ್: ಆ ಮೂಟೆ ಹೊರದೆ ವಾಪಸ್ ಬರಬೇಡಿ

ಕೆಲಸಕ್ಕೆ ಅಂತ ದಾರ್ ಎಸ್ ಸಲಾಮ್‌ಗೆ ಬಂದು ಮೂರು ವರ್ಷ ಆಯ್ತು, ಇದೇ ಟಾಂಜಾನಿಯಾದ ಕಡಲ ದಂಡೆಯ ಊರು ಟಾಂಗಾ ಮಾತ್ರ ನೋಡಿರಲಿಲ್ಲ. ಮಗಳಿಗೆ ರಜೆ ಸಿಕ್ಕಾಗ ಬಸ್ ಹತ್ತಿದೆವು. ಕಾರಣ ಒಂದೇ. ಮೊದಲ ಮಹಾಯುದ್ಧದ ಹೊತ್ತಿಗೆ ಇದು ಜರ್ಮನ್ನರ ವಸಾಹತು, 1914ರಲ್ಲಿ ಇಲ್ಲಿ ಅವರ ಕೈಲಿ ಸೋತ ಬ್ರಿಟಿಷ್ ಪಡೆಯಲ್ಲಿ ಬೆಂಗಳೂರು ಬ್ರಿಗೇಡ್ ಇತ್ತು. ಅದನ್ನು ಓದಿದ ದಿನದಿಂದ ಆ ಜಾಗ ಕಣ್ಣಾರೆ ನೋಡಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು.

ಟೂರ್ ನಡೆಸುವವರು ಅರವತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕರು. ಊರವರೆಲ್ಲ ಅವರನ್ನು 'ಮ್ವಾಲಿಮು' ಅಂತಾರೆ, ಅಂದರೆ ಮೇಷ್ಟ್ರು. ನಾವೂ ಹಾಗೇ ಕರೆದೆವು.

ಮೊದಲು ರಾಸ್ ಕಸೋನೆ ಕಡೆಯ ಕಡಲ ದಂಡೆ. ಅಲ್ಲಿ ನಿಂತು ಮ್ವಾಲಿಮು ಮರಳಲ್ಲೇ ಕೋಲಿನಿಂದ ನಕ್ಷೆ ಗೀಚಿದರು. ನವೆಂಬರ್ 2ರಂದು ಫಾಕ್ಸ್ ಅನ್ನೋ ಬ್ರಿಟಿಷ್ ಯುದ್ಧನೌಕೆ ಬಂದು ಊರು ಒಪ್ಪಿಸಿ ಅಂತ ಕೇಳಿತು. ಬಾಂಬೆಯಿಂದ ಹೊರಟು ಎರಡು ವಾರಕ್ಕೂ ಜಾಸ್ತಿ ಹಡಗಿನಲ್ಲೇ ಇದ್ದ ಸಿಪಾಯಿಗಳು ಸುಸ್ತಾಗಿದ್ದರು. ಬ್ರಿಟಿಷರು ಮಾತುಕತೆ, ಇಳಿಯೋದು ಅಂತ ಕಳೆದ ಹೊತ್ತಿನಲ್ಲಿ ಜರ್ಮನ್ ಸೇನಾಪತಿ ಪೌಲ್ ಫಾನ್ ಲೆಟ್ಟೋ-ಫೋರ್ಬೆಕ್ ಮೋಶಿ ಕಡೆಯಿಂದ ರೈಲಿನಲ್ಲಿ ಪಡೆ ತರಿಸಿಕೊಂಡ. ರಾತ್ರಿ ತಾನೇ ಸೈಕಲ್ ಹತ್ತಿ ಖಾಲಿ ಊರು ಸುತ್ತಿ, ಬಂದರಿನ ತನಕ ಹೋಗಿ ಶತ್ರುವಿನ ಹಡಗುಗಳನ್ನು ನೋಡಿ ಬಂದ. ಮ್ವಾಲಿಮು ನಮ್ಮನ್ನೂ ಊರೊಳಗೆ ಸೈಕಲ್ ಮೇಲೇ ಕರೆದೊಯ್ದರು. ಬಾಡಿಗೆ ಸೈಕಲ್‌ಗಳ ಬ್ರೇಕ್ ಚೆನ್ನಾಗಿಲ್ಲ, ಹತ್ತುವ ಮೊದಲು ನೋಡಿಕೊಳ್ಳಿ.

ನವೆಂಬರ್ 4ರ ಕಾಳಗದಲ್ಲಿ ಬ್ರಿಟಿಷರ ಕಡೆ ಸುಮಾರು 8,000, ಜರ್ಮನ್ನರ ಕಡೆ ಸುಮಾರು 1,000. ಆದರೂ ಬ್ರಿಟಿಷರೇ ಸೋತು ಹಡಗು ಹತ್ತಿದರು. ಬಿಟ್ಟು ಹೋದ 16 ಮೆಷಿನ್ ಗನ್, 6 ಲಕ್ಷ ಗುಂಡು ಲೆಟ್ಟೋ ಪಾಲಾಯಿತು. ನಡುವೆ ಜೇನು ಬೇರೆ! ಮರಕ್ಕೆ ನೇತುಹಾಕಿದ ಟೊಳ್ಳು ದಿಮ್ಮಿಯ ಗೂಡೊಂದನ್ನು ಮ್ವಾಲಿಮು ಹತ್ತಿರದಿಂದ ತೋರಿಸಿದರು. ಎರಡೂ ತುದಿಗೆ ಮರದ ಮುಚ್ಚಳ, ಹುಳ ಹೋಗಿ ಬರೋಕೆ ಸಣ್ಣ ತೂತು. ಗುಂಡಿನ ಸದ್ದಿಗೆ ಇಂಥ ಗೂಡುಗಳ ಹುಳ ಎದ್ದು ಎರಡೂ ಕಡೆಯವರನ್ನು ಕಚ್ಚಿದವು. ಜರ್ಮನ್ನರೇ ಬೇಕಂತ ಜೇನು ಬಿಟ್ಟರು ಅನ್ನೋದು ಆಮೇಲೆ ಹುಟ್ಟಿದ ಕಥೆ.

ಇಷ್ಟೇ ಆಗಿದ್ದರೆ ನಾನು ವಿಮರ್ಶೆ ಬರೆಯುತ್ತಿರಲಿಲ್ಲ. ಆ ಸೇನಾಪತಿಯ ಸಾಹಸ ಎಲ್ಲಾದರೂ ಓದಲು ಸಿಗುತ್ತದೆ. ನಾಲ್ಕು ವರ್ಷ ಸಿಗದೆ ಆಡಿಸಿದ, ಯುರೋಪಿನಲ್ಲಿ ಯುದ್ಧ ನಿಂತು ಎರಡು ವಾರದ ಮೇಲೆ, 1918ರ ನವೆಂಬರ್ 25ರಂದು ಅಬರ್‌ಕಾರ್ನ್‌ನಲ್ಲಿ (ಈಗ ಜಾಂಬಿಯಾದ ಎಂಬಾಲಾ) ಶರಣಾದ, 1919ರಲ್ಲಿ ಬರ್ಲಿನ್‌ನಲ್ಲಿ ಮೆರವಣಿಗೆ ಮಾಡಿಸಿಕೊಂಡ. ಒಂದು ಡೈನೋಸಾರ್‌ಗೂ ಅವನ ಹೆಸರಿಟ್ಟಿದ್ದಾರೆ.

ಮ್ವಾಲಿಮು ಕೊನೆಗೆ ನಮ್ಮನ್ನು ತಮ್ಮ ಮನೆ ಅಂಗಳಕ್ಕೆ ಕರೆದೊಯ್ದರು. ಮಾವಿನ ಮರದ ಕೆಳಗೆ ಒಂದು ಗೋಣಿ ಮೂಟೆ, ಒಳಗೆ 25 ಕಿಲೋ ಜೋಳದ ಹಿಟ್ಟು. ಬಟ್ಟೆ ಸುತ್ತಿ ಸಿಂಬಿ ಮಾಡಿ ನನ್ನ ತಲೆ ಮೇಲಿಟ್ಟು, ಅದರ ಮೇಲೆ ಮೂಟೆ ಇಟ್ಟರು. "ನೂರು ಹೆಜ್ಜೆ ನಡೀರಿ" ಅಂದರು. ನಲವತ್ತಕ್ಕೇ ಕತ್ತು ಹಿಡಿದುಕೊಂಡಿತು. ಮಗಳು ಹದಿನೇಳಕ್ಕೆ ಇಳಿಸಿದಳು. ಆಮೇಲೆ ಮ್ವಾಲಿಮು ಕೂತು ಹೇಳಿದರು: ಆ ನಾಲ್ಕು ವರ್ಷ ಎರಡೂ ಕಡೆಯ ಸಾಮಾನು ನಡೆದದ್ದು ಹೀಗೇ, ಜನರ ತಲೆ ಮೇಲೆ. ಬ್ರಿಟಿಷರ ಕಡೆಯ ಹಮಾಲರಲ್ಲೇ ಸತ್ತವರು ಒಂದು ಲಕ್ಷದ ಹತ್ತಿರ, ಜಾಸ್ತಿ ಜನ ಗುಂಡಿಗಲ್ಲ, ರೋಗಕ್ಕೆ ಮತ್ತು ಹಸಿವಿಗೆ. ಲೆಟ್ಟೋ ಪಡೆ ಹಳ್ಳಿಗಳಿಂದ ಧಾನ್ಯ ಎತ್ತಿಕೊಂಡೇ ಬದುಕಿತು, ಹಳ್ಳಿಗಳು ಬರಗಾಲಕ್ಕೆ ಬಿದ್ದವು. ಅದಕ್ಕೂ ಮೊದಲು, ಈಗಿನ ನಮೀಬಿಯಾದಲ್ಲಿ ಹೆರೆರೊ ಜನರನ್ನು ಸಾವಿರಾರು ಲೆಕ್ಕದಲ್ಲಿ ಕೊಂದ ಜರ್ಮನ್ ಸೇನಾಧಿಕಾರಿ ಟ್ರೋಥಾನ ಕೈಕೆಳಗೂ ಲೆಟ್ಟೋ ಇದ್ದ.

ಈ ಮಾತು ಹೇಳುವಾಗ ಅವರ ದನಿ ಏರಲಿಲ್ಲ. ಸೇನಾಪತಿಯ ಜಾಣತನವನ್ನೂ ಮುಚ್ಚಿಡಲಿಲ್ಲ. ನನಗೆ ಹಿಡಿಸಿದ್ದು ಇದೇ. 1953ರಲ್ಲಿ ಅವನು ಮತ್ತೆ ದಾರ್ ಎಸ್ ಸಲಾಮ್‌ಗೆ ಬಂದಾಗ ಅವನ ಹಳೇ ಅಸ್ಕಾರಿಗಳು, ಅಂದರೆ ಆಫ್ರಿಕನ್ ಸಿಪಾಯಿಗಳು, ಸ್ವಾಗತಿಸಿದ್ದನ್ನೂ ಹೇಳಿದರು. 1964ರಲ್ಲಿ, 94 ತುಂಬಲು ಹನ್ನೊಂದು ದಿನ ಇರುವಾಗ ಅವನು ತೀರಿಕೊಂಡ. ಅದೇ ವರ್ಷ ಪಶ್ಚಿಮ ಜರ್ಮನಿ ಬದುಕಿದ್ದ ಅಸ್ಕಾರಿಗಳ ಬಾಕಿ ಸಂಬಳ ಕೊಡಲು ಒಪ್ಪಿತು. "ಹೊರೆ ಹೊತ್ತವರಿಗೆ?" ಅಂತ ಮಗಳು ಕೇಳಿದಳು. ಅವರು ಮೂಟೆಯನ್ನು ಗೋಡೆಗೆ ಒರಗಿಸಿ, "ಅವರ ಹೆಸರನ್ನೇ ಯಾರೂ ಸರಿಯಾಗಿ ಬರೆದುಕೊಳ್ಳಲಿಲ್ಲ, ಮಗಳೇ" ಅಂದರು.

ಕೊರತೆ ಇಲ್ಲ ಅಂತಲ್ಲ. ಎಂಟಕ್ಕೆ ಅಂದಿದ್ದು ಒಂಬತ್ತೂವರೆಗೆ ಹೊರಟಿತು, ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ ಬರುತ್ತಿತ್ತು. ಆ ಯುದ್ಧದಲ್ಲಿ ಸತ್ತವರ ಸ್ಮಶಾನದಲ್ಲಿ ಹತ್ತೇ ನಿಮಿಷ ಕೊಟ್ಟರು, ನನಗೆ ಸಾಲಲಿಲ್ಲ. ಬೆಂಗಳೂರು ಬ್ರಿಗೇಡ್ ಬಗ್ಗೆ ಅವರಿಗೆ ಜಾಸ್ತಿ ಗೊತ್ತಿರಲಿಲ್ಲ. ಪಾಳಯಂಕೋಟೆ ಪಡೆ, 98ನೇ ಇನ್‌ಫೆಂಟ್ರಿ, 101ನೇ ಗ್ರೆನೇಡಿಯರ್ಸ್ ಅದರಲ್ಲಿದ್ದವು ಅಂತ ನಾನೇ ಹೇಳಿದೆ, ತಕ್ಷಣ ಪುಸ್ತಕ ತೆಗೆದು ಬರೆದುಕೊಂಡರು.

ಮೊದಲೇ ಒಪ್ಪಿದ ಶಿಲ್ಲಿಂಗ್‌ಗಿಂತ ಒಂದು ಕಾಸೂ ಜಾಸ್ತಿ ಕೇಳಲಿಲ್ಲ. ಹೋಗುವವರು ಟೋಪಿ, ನೀರು ಇಟ್ಟುಕೊಳ್ಳಿ. ಸ್ಮಶಾನಕ್ಕೆ ಅರ್ಧ ಗಂಟೆ ಬೇಕು ಅಂತ ಹೊರಡುವಾಗಲೇ ಹೇಳಿಬಿಡಿ.