ತೊಗಲುಗೊಂಬೆ ಪೆಟ್ಟಿಗೆ ಹೊತ್ಕೊಂಡು ಜಾವಾಕ್ಕೆ: ಏಜೆನ್ಸಿಗೆ 5ಕ್ಕೆ 2, ಉಳ್ಕೊಂಡ ಮನೆಗೆ 5ಕ್ಕೆ 5

ಮೊದಲೇ ಹೇಳ್ಬಿಡ್ತೀನಿ, ಇದು ನನ್ನ ಮೊದಲ ಫಾರಿನ್ ಟ್ರಿಪ್, ಹಂಗಾಗಿ ಹೋಲಿಸಿ ನೋಡೋಕೆ ನನ್ ಹತ್ರ ಇನ್ನೊಂದಿಲ್ಲ. ಬಳ್ಳಾರಿ ಕಡೆ ಹೈಸ್ಕೂಲ್ ಮೇಷ್ಟ್ರು ನಾನು, ರಜೆ ಸಿಕ್ಕಾಗೆಲ್ಲ ನಮ್ಮ ಗುರುಗಳ ಹಿಂದೆ ತೊಗಲುಗೊಂಬೆ ಪೆಟ್ಟಿಗೆ ಹೊತ್ಕೊಂಡು ಊರೂರು ತಿರುಗೋದು ಹುಚ್ಚು. ಬೆಂಗಳೂರಿನ ಒಂದು ಏಜೆನ್ಸಿ (ಹೆಸರು ಬೇಡ ಬಿಡಿ) ಕಲ್ಚರಲ್ ಎಕ್ಸ್‌ಚೇಂಜ್ ಅಂತ ಒಂಬತ್ತು ದಿನದ ಪ್ಯಾಕೇಜ್ ಇಟ್ಟಿತ್ತು. ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿರೋ ಯೋಗ್ಯಕರ್ತಾ, ಅಲ್ಲಿನೋರ ಬಾಯಲ್ಲಿ ಜೋಗ್ಜಾ. ವಯಾಂಗ್ ಕುಲಿತ್ ಅನ್ನೋ ಅವರ ತೊಗಲುಗೊಂಬೆ ಆಟದ ವರ್ಕ್‌ಶಾಪ್, ಹಳ್ಳಿ ಮನೇಲಿ ವಾಸ, ಪ್ರಂಬನನ್ ಹಿಂದೂ ಗುಡಿ, ಬೊರೊಬುದುರ್ ಬೌದ್ಧ ಸ್ತೂಪದ ಸುತ್ತಾಟ, ಎಲ್ಲ ಸೇರಿ ತಲೆಗೆ 1,18,000. ಗುರುಗಳೂ ಸೇರಿ ಐದು ಜನ ಹೋದ್ವಿ.

ಏಜೆನ್ಸಿಯವ್ರು ಮಾಡಿದ ಒಳ್ಳೆ ಕೆಲಸ ಮೊದಲು ಹೇಳ್ತೀನಿ. ಟಿಕೆಟ್ ಸರಿ ಇತ್ತು, ಕೌಲಾಲಂಪುರದಲ್ಲಿ ವಿಮಾನ ಬದಲಿಸೋದು ಹೆಂಗೆ ಅಂತ ಫೋಟೋ ಸಮೇತ ವಾಟ್ಸಾಪ್ ಮಾಡಿದ್ರು, ಕಸ್ಟಮ್ಸ್ ಫಾರ್ಮ್ ಆನ್‌ಲೈನಲ್ಲಿ ತುಂಬಿಸಿ ಕ್ಯೂಆರ್ ಕೋಡ್ ಪ್ರಿಂಟ್ ಕೈಗೆ ಕೊಟ್ರು. ವೀಸಾ ಅಲ್ಲಿ ಇಳಿದ ಮೇಲೆನೇ ಸಿಗುತ್ತೆ, 30 ದಿನದ್ದು, ಕೌಂಟರಲ್ಲಿ 5 ಲಕ್ಷ ಕೊಡಿ ಅಂದಾಗ ಗುರುಗಳಿಗೆ ಎದೆ ಧಸಕ್ ಅಂತು, ಆಮೇಲೆ ಅದು ರುಪಿಯಾ ಅಂತ ಗೊತ್ತಾಗಿ ಲೆಕ್ಕ ಹಾಕಿದ್ರೆ ನಮ್ಮ ದುಡ್ಡಲ್ಲಿ 2,700ರ ಆಸುಪಾಸು ಅಷ್ಟೆ. ಒಂಬತ್ತು ದಿನಾನೂ ಈ ಸೊನ್ನೆಗಳ ಕಾಟ ತಪ್ಪಲಿಲ್ಲ, ಟೀ ಕುಡಿದ್ರೂ ಸಾವಿರದ ಲೆಕ್ಕ.

ಪಾಸ್‌ಪೋರ್ಟ್ ನಮ್ಮ ಪಾಡಿಗೆ ನಾವು ಮಾಡಿಸ್ಕೊಂಡಿದ್ವಿ, ಹುಬ್ಬಳ್ಳಿ ಸೇವಾ ಕೇಂದ್ರ, 1,500 ರೂಪಾಯಿ. ನನ್ನಂಗೆ ಸರ್ಕಾರಿ ಕೆಲಸದಲ್ಲಿರೋರು ಇಲಾಖೆ ಎನ್‌ಒಸಿಗೆ ಎಲ್ಲಕ್ಕಿಂತ ಮೊದಲು ಅರ್ಜಿ ಹಾಕಿ, ಫೈಲು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಜಾವಾಕ್ಕೆ ನಡ್ಕೊಂಡೇ ಹೋಗಿ ಬರಬಹುದು.

ಈಗ ಸಿಟ್ಟಿನ ವಿಷಯ. ಎಕ್ಸ್‌ಚೇಂಜ್ ಅಂತ ಹೆಸರಿಟ್ಟೋರು ನೀವೇನು ತಗೊಂಡು ಹೋಗ್ತಿದೀರ ಅಂತ ಒಂದ್ ಸಲನೂ ಕೇಳಲಿಲ್ಲ. ಗುರುಗಳ ಪೆಟ್ಟಿಗೇಲಿ ಅವರ ಮುತ್ತಾತನ ಕಾಲದ ಜಿಂಕೆ ತೊಗಲಿನ ಗೊಂಬೆಗಳಿವೆ, ರಾವಣ, ದ್ರೌಪದಿ, ದೊಡ್ಡ ಗಣಪತಿ, ಅವನ್ನೇ ಒಯ್ಯಬೇಕು ಅಂತ ಅವರ ಆಸೆ, ನಾವೂ ಪ್ಯಾಕ್ ಮಾಡೋಕೆ ಪ್ಲೈವುಡ್ ಎಲ್ಲ ತಂದಿದ್ವಿ. ಹೊರಡೋಕೆ ಎರಡು ವಾರ ಇದ್ದಾಗ ಮ್ಯೂಸಿಯಂನಲ್ಲಿ ಕೆಲಸ ಮಾಡೋ ಗೆಳೆಯ ಒಬ್ಬ ಕೇಳಿ ಹೌಹಾರಿದ. ನೂರು ವರ್ಷ ದಾಟಿದ ಕಲಾವಸ್ತು ದೇಶ ಬಿಟ್ಟು ಹೊರಗೆ ಒಯ್ಯಂಗಿಲ್ಲ, 1972ರ ಕಾನೂನು, ಜಿಂಕೆ ಚರ್ಮ ಅಂದ್ರೆ ಅದೇ ವರ್ಷದ ವನ್ಯಜೀವಿ ಕಾನೂನೂ ಬರುತ್ತೆ, ಏರ್‌ಪೋರ್ಟಲ್ಲಿ ಗೊಂಬೆ ಜೊತೆ ನೀವೂ ಒಳಗೆ ಅಂದ. ಏಜೆನ್ಸಿಗೆ ಫೋನ್ ಮಾಡಿದ್ರೆ "ಓ ಹೌದಾ ಸರ್, ಲಗೇಜ್ 20 ಕೆಜಿ ಒಳಗಿದ್ರೆ ಸಾಕು" ಅಂತಾರೆ! ಕೊನೆಗೆ ಹೊಸ ಮೇಕೆ ತೊಗಲಿನ ಹದಿನಾಲ್ಕು ಗೊಂಬೆ ಆಯ್ದು, ಮಾಡಿದೋರಿಂದ ರಸೀದಿ ಬರೆಸ್ಕೊಂಡು, ಎರಡು ಪ್ಲೈವುಡ್ ಹಲಗೆ ನಡುವೆ ಹಳೆ ಪಂಚೆ ಹಾಸಿ ಕಟ್ಟಿ ಒಯ್ದ್ವಿ. ಗುರುಗಳು ಎರಡು ದಿನ ಮಾತಾಡಲಿಲ್ಲ.

ಊಟದ್ದು ಇನ್ನೊಂದು. "ಪ್ಯೂರ್ ವೆಜ್ ಅರೇಂಜ್ ಆಗಿದೆ" ಅಂತ ಬ್ರೋಷರಲ್ಲೇ ಇತ್ತು. ಮೊದಲ ದಿನ ಹೋಟೆಲಲ್ಲಿ ಗುಡೆಗ್ ಬಂತು, ಜೋಗ್ಜಾದ ಹೆಸರುವಾಸಿ ಅಡುಗೆ, ಎಳೆ ಹಲಸಿನಕಾಯಿನ ತೆಂಗಿನ ಹಾಲು, ಬೆಲ್ಲ ಹಾಕಿ ಗಂಟೆಗಟ್ಟಲೆ ಬೇಯಿಸಿರ್ತಾರೆ. ನಮ್ಮದೇ ಹಲಸು ಅಂತ ಖುಷಿಯಿಂದ ಕೈ ಹಾಕಿದ್ವಿ. ಪಕ್ಕದಲ್ಲಿ ಕೆಂಪಗೆ ಮೆತ್ತಗೆ ಏನೋ ಇತ್ತು, ಹಪ್ಪಳ ನೆನೆಸಿದ್ದು ಅನ್ಕೊಂಡ್ವಿ, ನಮ್ಮಲ್ಲೊಬ್ಬರು ಅರ್ಧ ತಿಂದ ಮೇಲೆ ಗೊತ್ತಾಗಿದ್ದು ಅದು ಕ್ರೆಚೆಕ್, ಅಂದ್ರೆ ದನದ ಚರ್ಮ. ಸಂಬಾಲ್ ಅನ್ನೋ ಚಟ್ನೀಲಿ ಬಹಳಷ್ಟು ಸಲ ಸಿಗಡಿ ಪೇಸ್ಟ್ ಇರುತ್ತೆ, ತೆರಾಸಿ ಅಂತ. ಅಲ್ಲಿನ ಜನದ ತಪ್ಪೇನಿಲ್ಲ, ಮಾಂಸದ ತುಂಡು ಇಲ್ಲ ಅಂದ್ರೆ ಅವರ ಲೆಕ್ಕದಲ್ಲಿ ಅದು ತರಕಾರಿ ಊಟ. ಆದ್ರೆ ದುಡ್ಡು ತಗೊಂಡೋರು ಮೊದಲೇ ಹೇಳಬೇಕಿತ್ತು. ಶಾಖಾಹಾರಿಗಳು ಹೋಗೋದಾದ್ರೆ ತೆಂಪೆ (ಹುದುಗಿಸಿದ ಸೋಯಾ), ತಾಹು (ಅದೇ ತೋಫು), ಗಾಡೊ ಗಾಡೊ (ತರಕಾರಿ ಮೇಲೆ ಕಡ್ಲೆಕಾಯಿ ಗೊಜ್ಜು) ಇವನ್ನ ನೆನಪಿಟ್ಕೊಳಿ, "ತನ್ಪಾ ತೆರಾಸಿ" ಅಂತ ಹೇಳೋದು ಕಲೀರಿ, ತೆರಾಸಿ ಬೇಡ ಅಂತ.

ಮೂರನೇ ದಿನ ಇಮೊಗಿರಿ ಹತ್ರ ಒಂದು ಹಳ್ಳಿ ಮನೆಗೆ ಬಿಟ್ರು, ಅಲ್ಲಿಂದ ನನ್ನ ಸಿಟ್ಟೆಲ್ಲ ಇಳೀತು. ಆ ಕಡೆ ಮನೆಮನೇಲೂ ಗೊಂಬೆ ಕೆತ್ತೋರು. ಜಗಲಿ ಮೇಲೆ ಎಮ್ಮೆ ತೊಗಲು ಹಾಸ್ಕೊಂಡು ಸಣ್ಣ ಉಳಿ, ಮರದ ಸುತ್ತಿಗೆ ಹಿಡ್ಕೊಂಡು ಟಕ್ ಟಕ್ ಅಂತ ಕೂತಿರ್ತಾರೆ. ಬಚ್ಚಲಲ್ಲಿ ನೀರಿನ ತೊಟ್ಟಿ, ಮೊಗೆದು ಹಾಕ್ಕೊಳೋಕೆ ಒಂದು ಚೊಂಬು, ನಮ್ಮಜ್ಜಿ ಮನೆ ಬಚ್ಚಲಿಗೆ ಹೋದಂಗಾಯ್ತು. ಮನೆ ಯಜಮಾನ್ರು ನಸುಕಲ್ಲಿ ಎದ್ದು ನಮಾಜಿಗೆ ಹೋಗಿ ಬಂದು, ಸಕ್ಕರೆ ಸುರಿದ ಟೀ ಮುಂದಿಟ್ಕೊಂಡು ಅರ್ಜುನನ ಕಥೆ ಶುರು ಮಾಡ್ತಿದ್ರು. ನಾನು ಮೊದಲ ದಿನ ಸ್ವಲ್ಪ ಕಣ್ ಕಣ್ ಬಿಟ್ಟೆ, ಅವರಿಗೆ ಅದರಲ್ಲಿ ಆಶ್ಚರ್ಯ ಪಡೋಕೇನಿದೆ ಅಂತಾನೇ ಅರ್ಥ ಆಗಲಿಲ್ಲ. ಭಾಷೆ ಬರಲ್ಲ ಅಂತ ಹೆದರಿದ್ದೆ, ಆದ್ರೆ ದೇಸಾ, ಗುರು, ನಾಮಾ, ಬಹಾಸಾ, ಮನುಸಿಯಾ ಅಂತ ಅರ್ಧ ಪದ ನಮ್ಮವೇ, ಹೆಂಡ್ತಿಗೆ ಇಸ್ತ್ರಿ ಅಂತಾರೆ, ಗಂಡನಿಗೆ ಸುವಾಮಿ! ಮಿಕ್ಕಿದ್ದು ಫೋನಿನ ಟ್ರಾನ್ಸ್‌ಲೇಟರ್.

ಜಗಳ ಆಗಿದ್ದು ದ್ರೌಪದಿ ವಿಷಯಕ್ಕೆ. ಅವರ ಕಥೇಲಿ ದ್ರುಪದಿ ಧರ್ಮರಾಯನೊಬ್ಬನಿಗೇ ಹೆಂಡ್ತಿ. ಐದು ಜನಕ್ಕೆ ಅಂದ್ರೆ ಯಜಮಾನ್ರ ಹೆಂಡ್ತಿ ಕಿವಿ ಮುಚ್ಕೊಂಡ್ರು. ಶಿಖಂಡಿ ಅಲ್ಲಿ ಸ್ರಿಕಾಂಡಿ, ಬಿಲ್ಲು ಹಿಡಿಯೋ ಗಟ್ಟಿಗಿತ್ತಿ, ಅರ್ಜುನನ ಹೆಂಡ್ತಿ! ನಮ್ಮ ಗುರುಗಳು ಗಂಟೆಗಟ್ಟಲೆ ವಾದ ಮಾಡಿದ್ರು, ಅದೂ ಕನ್ನಡದಲ್ಲಿ. ಘಟೋತ್ಕಚನ ವಿಷಯಕ್ಕೆ ಮಾತ್ರ ರಾಜಿ ಆಯ್ತು, ಎರಡೂ ಕಡೆ ಅವನು ಹೀರೋ.

ಅಲ್ಲಿ ಗೊಂಬೆ ಆಡಿಸೋರಿಗೆ ದಾಲಾಂಗ್ ಅಂತಾರೆ. ಆ ವಾರ ಊರಲ್ಲಿ ಬೆರ್ಸಿಹ್ ದೇಸಾ ಅಂತ ಹಬ್ಬ ಇತ್ತು, ಊರು ಶುದ್ಧಿ ಮಾಡೋದು. ರಾತ್ರಿ ಒಂಬತ್ತಕ್ಕೆ ಶುರುವಾದ ಆಟ ಬೆಳಗಿನ ಜಾವದವರೆಗೆ, ಒಬ್ಬನೇ ದಾಲಾಂಗ್, ಕೈಯಲ್ಲಿ ಗೊಂಬೆ, ಬಾಯಲ್ಲಿ ಎಲ್ಲ ಪಾತ್ರದ ದನಿ, ಕಾಲ್ಬೆರಳಿಂದ ಲೋಹದ ತಗಡು ಬಾರಿಸ್ತಾ ಗಮೆಲಾನ್ ಅನ್ನೋ ವಾದ್ಯ ಮೇಳಕ್ಕೆ ಸನ್ನೆ. ಪರದೆ ಬುಡದಲ್ಲಿ ಉದ್ದಕ್ಕೆ ಬಾಳೆ ದಿಂಡು ಮಲಗಿಸಿರ್ತಾರೆ, ಗೊಂಬೆ ಕೋಲನ್ನ ಅದಕ್ಕೆ ಚುಚ್ಚಿ ನಿಲ್ಸೋದು. ಅವರ ಗೊಂಬೆಗೆ ಬಣ್ಣ ಇದ್ರೂ ತೊಗಲು ದಪ್ಪ, ನೆರಳು ಕಪ್ಪಗೇ ಬೀಳುತ್ತೆ, ನಮ್ಮವು ಹಂಗಲ್ಲ, ಬೆಳಕು ಹಾಯ್ದು ಪರದೆ ಮೇಲೆ ಕೆಂಪು ಹಸಿರು ಎಲ್ಲ ಮೂಡುತ್ತೆ. ಮಧ್ಯರಾತ್ರಿ ದಾಟಿದ ಮೇಲೆ ಸೆಮಾರ್ ಮತ್ತೆ ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೊಂಗ್ ಬಂದು ನಗಿಸೋ ಭಾಗ, ಹೊಟ್ಟೆ ಉಬ್ಬಿದ ಸೆಮಾರ್‌ನ ನೋಡಿದ್ದೇ ತಡ ಗುರುಗಳು ನನ್ನ ತೊಡೆಗೆ ಹೊಡೆದು "ಏ, ಇವ್ನು ನಮ್ಮ ಕಿಳ್ಳೇಕ್ಯಾತ ಕಣೋ" ಅಂದ್ರು, ನಮ್ಮ ಆಟದಲ್ಲಿ ನಗಿಸೋ ಕೋಡಂಗಿ ಅವನು.

ಮಾರನೇ ದಿನ ವರ್ಕ್‌ಶಾಪಲ್ಲಿ ಅದೇ ದಾಲಾಂಗ್ ಕೇಳ್ಕೊಂಡಿದ್ದಕ್ಕೆ ಗುರುಗಳು ಪೆಟ್ಟಿಗೆ ಬಿಚ್ಚಿದ್ರು. ಕಿಳ್ಳೇಕ್ಯಾತ, ಅವನ ಜೋಡಿ ಬಂಗಾರಕ್ಕ ಇಬ್ಬರನ್ನೂ ಅವರ ಬಾಳೆ ದಿಂಡಿಗೆ ಪೆತ್ರುಕ್ ಪಕ್ಕ ಚುಚ್ಚಿ ನಿಲ್ಸಿದ್ರು, ದೀಪ ಹಚ್ಚಿದ ತಕ್ಷಣ ಬಣ್ಣ ಬಿತ್ತಲ್ಲ, ಮಕ್ಕಳೆಲ್ಲ ಓಡಿ ಬಂದು ಪರದೆ ಮುಟ್ಟಿ ನೋಡ್ತಿದ್ವು. ಮಳೆ ಬರದಿದ್ರೆ ನಮ್ಮ ಕಡೆ ಗೊಂಬೆ ಆಡಿಸ್ತಾರೆ ಅಂದಿದ್ದಕ್ಕೆ ಯಜಮಾನ್ರು ಅದನ್ನ ಬರ್ಕೊಂಡ್ರು. ಹೆಂಗಸ್ರು ಆಡಿಸ್ತಾರಾ ಅಂತ ಅವರ ಮಗಳು ಕೇಳಿದ್ಲು, ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಫೋಟೋ ತೋರಿಸ್ದೆ, ಆ ಹುಡುಗಿ ಅದನ್ನ ತನ್ನ ಫೋನಿಗೆ ಕಳಿಸ್ಕೊಂಡ್ಲು. ಈ ಎರಡು ಗಂಟೆ ಏಜೆನ್ಸಿಯ ಪ್ಲಾನಲ್ಲಿ ಇರಲೇ ಇಲ್ಲ. ಅವರ ಶೆಡ್ಯೂಲ್ ಪ್ರಕಾರ ಆ ಹೊತ್ತಲ್ಲಿ ನಾವು ಮಾಲಿಯೊಬೊರೊ ಬೀದೀಲಿ ಬಾತಿಕ್ ಬಟ್ಟೆ ಶಾಪಿಂಗ್ ಮಾಡ್ತಿರಬೇಕಿತ್ತು, ವ್ಯಾನ್ ಡ್ರೈವರ್ ಪಾಪ ಹೊರಗೆ ಕಾದು ಕಾದು ಕೊನೆಗೆ ತಾನೂ ಒಳಗೆ ಬಂದು ಕೂತ.

ಬೊರೊಬುದುರ್, ಪ್ರಂಬನನ್ ಚೆನ್ನಾಗಿವೆ, ಅವುಗಳ ಬಗ್ಗೆ ಬರೆದೋರು ಬೇಕಾದಷ್ಟು ಜನ ಇದಾರೆ. ಬಿಸಿಲಿಗೆ ಟೋಪಿ ಒಯ್ಯಿರಿ. ನಮ್ಮ ಮೂರು ಪಿನ್ನಿನ ಚಾರ್ಜರ್ ಅಲ್ಲಿ ಹೋಗಲ್ಲ.

ಇದೇ ಏಜೆನ್ಸಿ ಮೂಲಕ ಹೋಗ್ತೀರಾ ಅಂದ್ರೆ, ಟಿಕೆಟ್ ಮತ್ತೆ ಆ ಮನೆ ಎರಡು ಸಾಕು ಅಂತ ಕೇಳಿ ನೋಡಿ, ಸುತ್ತಾಟದ ದಿನ ಎರಡು ಕಡಿಮೆ ಮಾಡಿಸಿ ಹಳ್ಳೀಲಿ ಜಾಸ್ತಿ ಇರಿ. ಸಂಗೀತದ ವಾದ್ಯ, ಗೊಂಬೆ, ವೇಷ ಒಯ್ಯೋರು ಏನೇನು ಒಯ್ಯಬಹುದು ಅಂತ ತಿಳಿದೋರನ್ನ ನೀವೇ ವಿಚಾರಿಸಿ, ಇವರನ್ನ ನಂಬ್ಕೊಂಡು ಕೂರಬೇಡಿ.

ಬರುವಾಗ ಯಜಮಾನ್ರು ಅರ್ಧ ಕೆತ್ತಿದ ಒಂದು ಸೆಮಾರ್ ಕೊಟ್ಟು ಕಳಿಸಿದ್ರು, ಮಿಕ್ಕಿದ್ದು ನೀವೇ ಮುಗಿಸಿ ಅಂತ. ಗುರುಗಳು ಈಗ ಒಂದು ತಿಂಗಳಿಂದ ಅದಕ್ಕೆ ನಮ್ಮ ಬಣ್ಣ ಹಚ್ತಾ ಕೂತಿದಾರೆ, ಈ ಎಮ್ಮೆ ತೊಗಲಲ್ಲಿ ಬೆಳಕು ಹಾಯಲ್ವಲ್ಲೋ ಅಂತ ದಿನಾ ಬೈತಾ.