ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ: ಅನೋಡೈಜಿಂಗ್ ಮತ್ತು ಪೌಡರ್ ಕೋಟಿಂಗ್, ದೀರ್ಘ ಬಳಕೆಯ ನಂತರ

ಮಲ್ಪೆಯ ಕಡಲಿಗೆ ಹತ್ತಿರವಿರುವ ನಮ್ಮ ಮನೆಯಲ್ಲಿ ಮಹಡಿಯ ರೇಲಿಂಗಿಗೆ ಅನೋಡೈಸ್ ಮಾಡಿದ ಅಲ್ಯೂಮಿನಿಯಂ, ಕಿಟಕಿಗಳಿಗೆ ಕಂದು ಬಣ್ಣದ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಸಿಂಪಡಿಸಿ, ಶಾಖದಲ್ಲಿ ಕರಗಿಸಿ ಕೂರಿಸುವ ಲೇಪನ) ಇರುವ ಅಲ್ಯೂಮಿನಿಯಂ ಸೆಕ್ಷನ್ (ಚೌಕಟ್ಟಿನ ಪಟ್ಟಿ) ಹಾಕಿಸಿ ಹಲವು ಮಳೆಗಾಲಗಳು ಕಳೆದಿವೆ. ಬಿಸಿಲು, ಉಪ್ಪುಗಾಳಿ ಎರಡಕ್ಕೂ ಒಂದೇ ಆಗಿದ್ದರಿಂದ ಹೋಲಿಸುವುದು ಸುಲಭವಾಗಿದೆ.

ರೇಲಿಂಗಿಗೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅನೋಡೈಜಿಂಗ್‌ನಲ್ಲಿ ಲೋಹದ ಮೇಲೆ ಬಣ್ಣ ಬಳಿಯುವುದಿಲ್ಲ. ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಲೋಹದ ಮೇಲ್ಮೈಯನ್ನೇ ಗಟ್ಟಿ ಆಕ್ಸೈಡ್ ಪದರವಾಗಿ ಮಾರ್ಪಡಿಸಿ, ಅದರ ಸೂಕ್ಷ್ಮ ರಂಧ್ರಗಳನ್ನು ಸಾಮಾನ್ಯವಾಗಿ ಬಿಸಿನೀರಿನಲ್ಲಿ ಮುಚ್ಚುತ್ತಾರೆ. ಆದ್ದರಿಂದ ಸುಲಿದೇಳುವ ಪ್ರಶ್ನೆಯೇ ಬರುವುದಿಲ್ಲ. ಕರಾವಳಿಗೆ 25 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪವನ್ನೇ ಕೇಳಬೇಕು. ಒಳಾಂಗಣಕ್ಕೆ ಸಾಕಾಗುವ 10 ಮೈಕ್ರಾನ್ ಇಲ್ಲಿ ಬಾಳುವುದಿಲ್ಲ. ಅರ್ಧ ಅಂಕ ಕಳೆದದ್ದು ಬುಡದ ಬಿಳಿ ಕಲೆಗಳಿಗಾಗಿ. ಗಾರೆ ಕೆಲಸದವರು ಸಿಡಿಸಿದ ಸಿಮೆಂಟ್ ಹಾಲಿನ ಕ್ಷಾರ ಆ ಪದರವನ್ನು ತಿಂದಿದೆ, ಎಷ್ಟು ಉಜ್ಜಿದರೂ ಕಲೆ ಹೋಗುವುದಿಲ್ಲ. ಗಾರೆ, ಸುಣ್ಣದ ಕೆಲಸ ಮುಗಿಯುವವರೆಗೆ ಸೆಕ್ಷನ್ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕೀಳಲು ಯಾರಿಗೂ ಬಿಡಬಾರದು.

ಕಿಟಕಿಗಳ ವಿಷಯ ಅಷ್ಟು ಸರಳವಲ್ಲ. ಪಡುವಣ ಬಿಸಿಲು ಹೊಡೆಯುವ ಚೌಕಟ್ಟನ್ನು ಬೆರಳಿನಿಂದ ಸವರಿದರೆ ಕಂದು ಪುಡಿ ಅಂಟಿಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳಿಂದ ಪೌಡರಿನ ರಾಳ ಒಡೆಯುವುದೇ ಇದಕ್ಕೆ ಕಾರಣ. ಅದನ್ನಾದರೂ ಸಹಿಸಬಹುದು. ನಿಜವಾದ ತೊಂದರೆ ಇರುವುದು ಸ್ಕ್ರೂ ತೂತುಗಳ ಸುತ್ತ ಮತ್ತು ಮೂಲೆಯ ಕೊಯ್ತಗಳಲ್ಲಿ: ಬಣ್ಣದ ಅಡಿಯಲ್ಲಿ ಹುಳು ಕೊರೆದ ಹಾದಿಯಂತೆ ಸಣ್ಣ ಎಳೆಗಳು ಹರಿದು, ಮೇಲಿನ ಪದರ ಉಬ್ಬಿ ನಿಂತಿದೆ. ಪಟ್ಟಿಯ ನಡುಭಾಗ ಮಾತ್ರ ಇಂದಿಗೂ ನುಣುಪಾಗಿದೆ. ಕೋಟಿಂಗ್ ಆದ ಮೇಲೆ ಕೊಯ್ದು ತೂತು ಕೊರೆದಲ್ಲೆಲ್ಲ ಬೆತ್ತಲೆ ಲೋಹ ಹೊರಬಿದ್ದಿತ್ತು, ಉಪ್ಪು ಒಳಹೊಕ್ಕದ್ದು ಅಲ್ಲಿಂದಲೇ. ಕಿಟಕಿಗಳಿಗೆ ನಾನು ಕೊಡುವುದು ಎರಡೂವರೆ ಅಂಕ.

ಆದ್ದರಿಂದ ಪೌಡರಿನ ಬ್ರ್ಯಾಂಡ್ ಯಾವುದೆಂಬುದಕ್ಕಿಂತ ಅದರ ಅಡಿಯಲ್ಲಿ ಏನು ನಡೆದಿದೆ ಎಂಬುದನ್ನು ಮೊದಲು ವಿಚಾರಿಸುವುದು ಒಳ್ಳೆಯದು. ಯುರೋಪಿನ ಕ್ವಾಲಿಕೋಟ್ ನಿಯಮಗಳಲ್ಲಿ ಕಡಲತೀರಕ್ಕೆಂದೇ 'ಸೀಸೈಡ್' ಎಂಬ ದರ್ಜೆಯಿದ್ದು, ಅದರಂತೆ ಕೋಟಿಂಗಿಗೆ ಮುನ್ನ ಚದರ ಮೀಟರಿಗೆ ಕನಿಷ್ಠ 2 ಗ್ರಾಂ ಲೋಹವನ್ನು ರಾಸಾಯನಿಕವಾಗಿ ಕರಗಿಸಿ ಮೇಲ್ಮೈಯನ್ನು ಶುದ್ಧಗೊಳಿಸಬೇಕು. ಪೌಡರಿನಲ್ಲೂ ಅಂತರವಿದೆ: ಅದೇ ನಿಯಮಗಳಲ್ಲಿ ಮೊದಲ ವರ್ಗದ ಪೌಡರ್ ಫ್ಲಾರಿಡಾದ ಬಿಸಿಲಿನಲ್ಲಿ 1 ವರ್ಷದ ಪರೀಕ್ಷೆ ಎದುರಿಸಿದರೆ ಸಾಕು, ಎರಡನೆಯದು 3 ವರ್ಷ ತಾಳಬೇಕು. ಅಮೆರಿಕದ ಆಮಾ 2605 ಮಾನದಂಡವು 10 ವರ್ಷ ಕೇಳುತ್ತದೆ. ಎತ್ತರದ ಕಟ್ಟಡಗಳಿಗೆ ಬಳಸುವ, 70 ಶೇಕಡಾ ಪಿವಿಡಿಎಫ್ ಎಂಬ ಫ್ಲೋರಿನ್‌ಯುಕ್ತ ಪ್ಲಾಸ್ಟಿಕ್ ರಾಳವಿರುವ ಲೇಪನಗಳು ಈ ಸಾಲಿಗೆ ಸೇರುತ್ತವೆ. ನಾಲ್ಕು ಕಿಟಕಿಗಳ ಮನೆಗೆ ಅಷ್ಟು ಖರ್ಚು ನನ್ನ ಮಟ್ಟಿಗೆ ದುಂದು.

ಪಡುವಣ ಕಿಟಕಿಯನ್ನು ಬದಲಾಯಿಸಲು ಈಗ ಎರಡನೇ ವರ್ಗದ ಪೌಡರನ್ನೇ ಹೇಳಿದ್ದೇನೆ. ಬ್ರಾಕೆಟ್‌ಗಳನ್ನು ಕೊರೆದು ಮುಗಿಸಿದ ಮೇಲೆಯೇ ಕೋಟಿಂಗಿಗೆ ಕಳಿಸಬೇಕು, ಚೌಕಟ್ಟಿನ ಕೊಯ್ದ ಅಂಚುಗಳಿಗೆ ಜೋಡಿಸುವ ಮುನ್ನವೇ ಸೀಲಂಟ್ ಹಚ್ಚಬೇಕು, ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿದ್ದು ನೈಲಾನ್ ವಾಷರ್ ಸಮೇತ ಕೂರಬೇಕು ಎಂಬ ಷರತ್ತುಗಳನ್ನು ಫ್ಯಾಬ್ರಿಕೇಟರ್ ಕೊಟೇಶನ್‌ನಲ್ಲಿಯೇ ಬರೆದುಕೊಟ್ಟಿದ್ದಾರೆ. ಮಾಲು ಬಂದ ದಿನ ದಪ್ಪ ಅಳೆಯುವ ಗೇಜ್ ಹಿಡಿದು ಅಂಚಿನ ಹತ್ತಿರವೂ 60 ಮೈಕ್ರಾನ್ ಇದೆಯೇ ಎಂದು ನೋಡಿಯೇ ಉಳಿದ ಹಣ ಕೊಡುವುದೆಂದು ಮಾತಾಗಿದೆ.